ಫಾಂಡೆಂಟ್ ಬೆವರಿತಾ, ಬಿರುಕು ಬಿಟ್ಟಿತಾ? ಮೊದಲು ನೀರಿನ ಜಾಡು ಹಿಡಿಯಿರಿ

ಮಂಗಳೂರು, ಉಡುಪಿ ಕಡೆ ಮನೆಯಲ್ಲೇ ಕೇಕ್ ಮಾಡಿ ಮಾರುವವರು ಮಳೆಗಾಲ ಬಂತೆಂದರೆ ಒಂದೇ ದೂರು ಹೇಳುತ್ತಾರೆ: ಕೇಕಿಗೆ ಹೊದಿಸುವ ಸಕ್ಕರೆಯ ಕಣಕ, ಅಂದರೆ ಫಾಂಡೆಂಟ್, ಅಂಟಂಟಾಗುತ್ತದೆ, ಸಕ್ಕರೆ ಹೂವು ಬಾಗುತ್ತದೆ, ಬಣ್ಣ ಇಳಿಯುತ್ತದೆ. ಕಲಬುರಗಿ, ರಾಯಚೂರು ಕಡೆಯವರ ದೂರು ಇದಕ್ಕೆ ಉಲ್ಟಾ. ಲಟ್ಟಿಸಿ ಎತ್ತುವಷ್ಟರಲ್ಲೇ ಒಣಗಿ ಬಿರುಕು ಬಿಡುತ್ತದೆ ಅನ್ನುತ್ತಾರೆ. ಎಷ್ಟೋ ಸಲ ಇಬ್ಬರ ಕೈಯಲ್ಲೂ ಇರುವುದು ಒಂದೇ ಕಂಪನಿಯ ಪ್ಯಾಕೆಟ್. ಇಬ್ಬರೂ ಬೈಯುವುದು ಆ ಪ್ಯಾಕೆಟ್ಟನ್ನೇ.

ಫಾಂಡೆಂಟ್ ಮತ್ತು ಸಕ್ಕರೆ ಹೂವು ಮಾಡುವ ಗಮ್ ಪೇಸ್ಟ್‌ನಲ್ಲಿ ಬರುವ ಹೆಚ್ಚಿನ ತೊಂದರೆಗಳಿಗೆ ಕಾರಣ ನೀರು. ಎಲ್ಲಿಂದಲೋ ನೀರು ಒಳಗೆ ಬಂದಿರುತ್ತದೆ, ಇಲ್ಲವೇ ಒಳಗಿದ್ದ ನೀರು ಹೊರಗೆ ಹೋಗಿರುತ್ತದೆ. ಅದಕ್ಕೇ ದೋಷ ಕಂಡ ಕೂಡಲೇ ಕೈಗೆ ಸಿಕ್ಕ ಪುಡಿ ಸುರಿಯಬೇಡಿ. ತೊಂದರೆ ಯಾವಾಗ ಶುರುವಾಯಿತು, ಕೇಕಿನ ಯಾವ ಭಾಗದಲ್ಲಿ ಕಾಣಿಸಿತು, ಆ ಹೊತ್ತಿನಲ್ಲಿ ಕೋಣೆಯ ಹವೆ ಹೇಗಿತ್ತು ಎಂದು ನೋಡಿ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊಸ ಅಚ್ಚು, ಹೊಸ ಕಟರ್ ಕೊಳ್ಳುವ ಮೊದಲು ಅದನ್ನು ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಉಂಡೆಯ ಹದ ನೋಡುವುದು

ಫಾಂಡೆಂಟ್‌ನಲ್ಲಿ ಬಹುಪಾಲು ಐಸಿಂಗ್ ಶುಗರ್. ಅದನ್ನು ಹಿಡಿದಿಡುವುದು ಜೆಲಟಿನ್. ಸಸ್ಯಾಹಾರಿ ಪ್ಯಾಕೆಟ್‌ಗಳಲ್ಲಿ ಅದರ ಬದಲು ಗೋಂದಿನ ಪುಡಿಗಳು. ಸಕ್ಕರೆ ಮತ್ತೆ ಹರಳುಗಟ್ಟದಂತೆ ಲಿಕ್ವಿಡ್ ಗ್ಲೂಕೋಸ್ ತಡೆಯುತ್ತದೆ. ಗ್ಲಿಸರಿನ್ ನೀರನ್ನು ಹಿಡಿದಿಟ್ಟುಕೊಂಡು ಮೆತ್ತಗೆ ಇಡುತ್ತದೆ. ಶಾರ್ಟನಿಂಗ್, ಅಂದರೆ ವನಸ್ಪತಿಯಂಥ ಗಟ್ಟಿ ಕೊಬ್ಬು, ನುಣುಪು ಕೊಡುತ್ತದೆ.

ಗಮ್ ಪೇಸ್ಟ್‌ನ ಕೆಲಸವೇ ಬೇರೆ. ಅದು ಒಣಗಿ ಗಟ್ಟಿಯಾಗಬೇಕು. ಹಾಗಾಗಿ ಅದರಲ್ಲಿ ಗ್ಲಿಸರಿನ್ ಇರುವುದಿಲ್ಲ, ಟೈಲೋಸ್ ಎಂಬ ಗಟ್ಟಿ ಮಾಡುವ ಪುಡಿ ಜಾಸ್ತಿ ಇರುತ್ತದೆ. ನಮ್ಮ ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಸಿಎಂಸಿ ಪುಡಿ ಎಂದು ಕೊಡುವುದೂ ಇದೇ ಜಾತಿಯದು. ಬರೀ ಫಾಂಡೆಂಟ್‌ನಲ್ಲಿ ಗುಲಾಬಿ ಮಾಡಿ, ಅದು ನಿಲ್ಲಲಿಲ್ಲ ಎಂದರೆ ಫಾಂಡೆಂಟ್ ಕೆಟ್ಟಿದೆ ಎಂದಲ್ಲ. ಮೆತ್ತಗಿರಲಿ ಎಂದೇ ಅದನ್ನು ಮಾಡಿರುತ್ತಾರೆ. ಕಾಲು ಕೆಜಿ ಫಾಂಡೆಂಟ್‌ಗೆ ಒಂದು ಟೀ ಚಮಚ ಸಿಎಂಸಿ ನಾದಿದರೆ ಗೊಂಬೆ, ಬಿಲ್ಲು, ದಪ್ಪ ಹೂವು ಮಾಡಲು ಸಾಕು. ಕಾಗದದಷ್ಟು ತೆಳ್ಳಗಿನ ಎಸಳು ಬೇಕಾದರೆ ಮಾತ್ರ ಗಮ್ ಪೇಸ್ಟೇ ಆಗಬೇಕು.

ಈಗ ಪರೀಕ್ಷೆ. ಒಂದು ಹಿಡಿ ಫಾಂಡೆಂಟ್ ತೆಗೆದುಕೊಂಡು ಎರಡು ಮೂರು ನಿಮಿಷ ಚೆನ್ನಾಗಿ ನಾದಿ. ನಾದದೇ ತೀರ್ಪು ಕೊಡಬೇಡಿ, ತಣ್ಣಗಿರುವ ಫಾಂಡೆಂಟ್ ಯಾವಾಗಲೂ ಗಟ್ಟಿಯೇ. ನಾದಿದ ಮೇಲೆ ಬೆರಳು ದಪ್ಪದ ಬತ್ತಿ ಮಾಡಿ ನಿಧಾನಕ್ಕೆ ಎಳೆಯಿರಿ. ಸ್ವಲ್ಪ ಜಗ್ಗಿ, ನಡುವೆ ಸಣ್ಣಗಾಗಿ ಆಮೇಲೆ ಕಡಿದರೆ ಹದ ಸರಿ ಇದೆ. ಜಗ್ಗದೆ ಪಟ್ಟನೆ ಮುರಿದರೆ ನೀರು ಕಡಿಮೆಯಾಗಿದೆ. ಎಳೆಯುವ ಮೊದಲೇ ತನ್ನ ಭಾರಕ್ಕೆ ಜೋತುಬಿದ್ದರೆ ನೀರು ಜಾಸ್ತಿಯಾಗಿದೆ. ಹದವಾದ ಉಂಡೆ ಹೋಳಿಗೆಯ ಕಣಕದ ಹಾಗೆ ಕೈಗೆ ಅಂಟದೆ, ಒತ್ತಿದ ಕಡೆಗೆ ಬರಬೇಕು.

ಒಣಗಿದ್ದಕ್ಕೆ ಮೊದಲು ಶಾರ್ಟನಿಂಗ್ ಸವರಿಕೊಂಡು ನಾದಿ. ಆಗಲೂ ಬಗ್ಗದಿದ್ದರೆ ಗ್ಲಿಸರಿನ್ ಹನಿ ಹನಿಯಾಗಿ. ಮೈಕ್ರೋವೇವ್ ಇದ್ದರೆ 5 ರಿಂದ 10 ಸೆಕೆಂಡ್ ಸಾಕು. ಜಾಸ್ತಿ ಇಟ್ಟರೆ ನಡುಭಾಗ ಕರಗಿ ಸುಡುತ್ತದೆ. ಅಂಟುವುದಕ್ಕೆ ಬರೀ ಐಸಿಂಗ್ ಶುಗರ್ ಹಾಕುತ್ತಾ ಹೋಗಬೇಡಿ. ಆ ಹೊತ್ತಿಗೆ ಸರಿ ಅನಿಸುತ್ತದೆ, ಮರುದಿನ ಬಿರುಕು ಬಿಡುತ್ತದೆ. ಅರ್ಧ ಕೆಜಿಗೆ ಕಾಲು ಟೀ ಚಮಚ ಸಿಎಂಸಿ ಉದುರಿಸಿ ನಾದಿ, ಮುಚ್ಚಿಟ್ಟು ಒಂದರ್ಧ ಗಂಟೆ ಬಿಡಿ. ಅದು ನೀರನ್ನು ಹಿಡಿದುಕೊಳ್ಳಲು ಹೊತ್ತು ಬೇಕು.

ಮನೆಯಲ್ಲೇ ಫಾಂಡೆಂಟ್ ಮಾಡುವವರಿಗೆ ಇನ್ನೂ ಎರಡು ಮಾತು. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಎಷ್ಟು ನುಣ್ಣಗೆ ಕಂಡರೂ ಅದರಲ್ಲಿ ಹರಳು ಉಳಿದಿರುತ್ತದೆ. ಲಟ್ಟಿಸುವಾಗ ಹರಿಯುವುದು ಆ ಹರಳಿರುವ ಕಡೆಯಿಂದಲೇ. ಚಿಟಿಕೆ ಪುಡಿಯನ್ನು ನಾಲಿಗೆಯ ಮೇಲಿಟ್ಟು ನೋಡಿ, ಮರಳು ಮರಳು ಎನಿಸಿದರೆ ಮಲ್ ಬಟ್ಟೆಯಲ್ಲಿ ಸೋಸಿ. ಎರಡನೆಯದು, ಜೆಲಟಿನ್ನನ್ನು ಕುದಿಸಬೇಡಿ. ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ. ಕುದಿಸಿದರೆ ಅದರ ಹಿಡಿತ ಕಡಿಮೆಯಾಗುತ್ತದೆ, ಉಂಡೆ ಎಷ್ಟು ನಾದಿದರೂ ಜಗ್ಗುವುದಿಲ್ಲ.

ಬೆವರುವುದು: ಮೂರು ಬೇರೆ ಬೇರೆ ಕಾಯಿಲೆ

"ಫಾಂಡೆಂಟ್ ಒದ್ದೆಯಾಗಿದೆ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಹೇಗೆ ಒದ್ದೆಯಾಗಿದೆ ಎಂದು. ಫ್ರಿಜ್ಜಿನಿಂದ ತೆಗೆದ ಸ್ವಲ್ಪ ಹೊತ್ತಿಗೆ ಮೈಯೆಲ್ಲ ಸಣ್ಣ ಹನಿ ಮೂಡಿದರೆ ಅದು ಒಂದು. ತಣ್ಣಗೇ ಮಾಡದ ಕೇಕು ಮೇಜಿನ ಮೇಲಿದ್ದಲ್ಲೇ ನಿಧಾನಕ್ಕೆ ಅಂಟಂಟಾದರೆ ಅದು ಇನ್ನೊಂದು. ಬುಡದಲ್ಲೋ ಪಕ್ಕದಲ್ಲೋ ಅಲ್ಲಲ್ಲಿ ಮಾತ್ರ ತೇಪೆಯಾಗಿ ಒದ್ದೆಯಾಗಿ, ಆ ಭಾಗದ ಬಣ್ಣ ಗಾಢವಾಗಿ ಕಂಡರೆ ಮೂರನೆಯದು. ಮೂರಕ್ಕೂ ಮದ್ದು ಬೇರೆ.

ಮೊದಲನೆಯದು ಹೊರಗಿನ ಗಾಳಿಯ ನೀರು. ತಣ್ಣಗಿನ ಮೈಗೆ ಬಿಸಿ ಗಾಳಿ ತಾಗಿದಾಗ ಅದರಲ್ಲಿದ್ದ ಆವಿ ಹನಿಯಾಗುತ್ತದೆ. ಎಷ್ಟು ತಣ್ಣಗಿದ್ದರೆ ಹನಿ ಮೂಡುತ್ತದೆ ಎನ್ನುವುದು ಊರಿನ ಹವೆಯ ಮೇಲೆ ನಿಂತಿದೆ. ಕರಾವಳಿಯಲ್ಲಿ ಹೊರಗೆ 30 ಡಿಗ್ರಿ, ತೇವಾಂಶ 80% ಇದ್ದರೆ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಾದರೂ ಬೆವರುತ್ತದೆ. ಅಂದರೆ ಅಲ್ಲಿ ಫ್ರಿಜ್ಜಿನ ಕೇಕು ಮಾತ್ರವಲ್ಲ, 22 ಡಿಗ್ರಿ ಏಸಿ ಕೋಣೆಯಿಂದ ತಂದ ಕೇಕೂ ಬೆವರುತ್ತದೆ. ಅದೇ ಬೆಂಗಳೂರಿನ ಜನವರಿ ಮಧ್ಯಾಹ್ನ 27 ಡಿಗ್ರಿ, 40% ತೇವಾಂಶ ಇದ್ದರೆ ಈ ಗಡಿ ಸುಮಾರು 12 ಡಿಗ್ರಿಗೆ ಇಳಿಯುತ್ತದೆ. ಅಲ್ಲಿ ಏಸಿ ಕೋಣೆಯ ಕೇಕಿಗೆ ಏನೂ ಆಗುವುದಿಲ್ಲ, ಫ್ರಿಜ್ಜಿನದು ಬೆವರುತ್ತದೆ. ಬೆಂಗಳೂರಿನ ಕ್ಲಾಸಿನಲ್ಲಿ ಕಲಿತದ್ದು ಕುಂದಾಪುರದಲ್ಲಿ ಕೈಕೊಡುವುದು ಇದಕ್ಕೇ.

ಬೆವರಿದ ಕೇಕನ್ನು ಮುಟ್ಟಬೇಡಿ. ಒರೆಸಬೇಡಿ. ಕಾರ್ನ್‌ಫ್ಲೋರ್ ಉದುರಿಸಬೇಡಿ, ಅದು ಹಸಿ ಮೈಗೆ ಅಂಟಿಕೊಂಡು ಬಿಳಿ ಮಚ್ಚೆಯಾಗಿ ಉಳಿಯುತ್ತದೆ. ಮತ್ತೆ ಫ್ರಿಜ್ಜಿಗೂ ಇಡಬೇಡಿ. ಏಸಿ ಇದ್ದರೆ ಏಸಿಯಲ್ಲಿ, ಇಲ್ಲದಿದ್ದರೆ ಸ್ವಲ್ಪ ದೂರದಲ್ಲಿ ಫ್ಯಾನ್ ಹಾಕಿ ಸುಮ್ನೆ ಬಿಡಿ. ಕೇಕು ಕೋಣೆಯ ಬಿಸಿಗೆ ಬಂದ ಮೇಲೆ ಹನಿ ತಾನಾಗಿ ಆರುತ್ತದೆ, ಕೊಂಚ ಹೊಳಪು ಉಳಿಯಬಹುದು ಅಷ್ಟೆ.

ಮುಂದಿನ ಸಲಕ್ಕೆ ರಟ್ಟಿನ ಪೆಟ್ಟಿಗೆ ಬಳಸಿ. ಕೇಕನ್ನು ಪೆಟ್ಟಿಗೆಯಲ್ಲಿಟ್ಟು, ಅಂಚಿಗೆ ಟೇಪ್ ಹಚ್ಚಿ ಫ್ರಿಜ್ಜಿಗಿಡಿ. ತೆಗೆದ ಮೇಲೆ ಎರಡು ಗಂಟೆಯಾದರೂ ಪೆಟ್ಟಿಗೆ ತೆರೆಯಬೇಡಿ. ಹನಿ ಪೆಟ್ಟಿಗೆಯ ಹೊರಮೈಗೆ ಮೂಡಲಿ. ಆಗಾಗ ತೆರೆದು ಇಣುಕಿ ನೋಡುವ ಆಸೆಯೊಂದನ್ನು ತಡೆದುಕೊಂಡರೆ ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ.

ಎರಡನೆಯ ಬಗೆಗೆ ಫ್ರಿಜ್ಜಿನ ಸಂಬಂಧವಿಲ್ಲ. ಗಾಳಿಯ ತೇವಾಂಶ ಸುಮಾರು 85% ದಾಟಿದರೆ ಬರೀ ಸಕ್ಕರೆಯೇ ಗಾಳಿಯಿಂದ ನೀರು ಹೀರಿ ಕರಗತೊಡಗುತ್ತದೆ. ಫಾಂಡೆಂಟ್‌ನಲ್ಲಿ ಗ್ಲೂಕೋಸ್, ಗ್ಲಿಸರಿನ್ ಇರುವುದರಿಂದ ಅದು ಇನ್ನೂ ಬೇಗ ಅಂಟುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿ, ಮಲೆನಾಡಿನಲ್ಲಿ ಆ ಮಟ್ಟ ಮುಟ್ಟದ ದಿನಗಳೇ ಕಡಿಮೆ. ಇಲ್ಲಿ ಉಂಡೆಗೆ ಏನು ಹಾಕಿದರೂ ಪೂರ್ತಿ ಪ್ರಯೋಜನವಿಲ್ಲ, ಕೋಣೆಯನ್ನೇ ಒಣಗಿಸಬೇಕು. ಏಸಿಯ ಡ್ರೈ ಮೋಡ್ ಇರುವುದೇ ಇದಕ್ಕೆ. ಏಸಿ ಇಲ್ಲದ ಮನೆಯಲ್ಲಿ ಅನ್ನ, ಸಾರು ಕುದಿಯುತ್ತಿರುವ ಅಡುಗೆಮನೆ ಬಿಟ್ಟು ಬೇರೆ ಕೋಣೆಗೆ ಹೋಗಿ. ಒಲೆಯ ಆವಿ ಒಂದೇ ಕೋಣೆಯ ತೇವಾಂಶವನ್ನು ಎಷ್ಟು ಏರಿಸುತ್ತದೆ ಎನ್ನುವುದು ಮೀಟರ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಗ್ರಾಹಕರಿಗೂ ನೇರವಾಗಿ ಹೇಳಿಬಿಡಿ: ಜುಲೈ ತಿಂಗಳ ಬಯಲು ಮಂಟಪದ ಮದುವೆಗೆ ಪೂರ್ತಿ ಫಾಂಡೆಂಟ್ ಹೊದಿಸಿದ ಕೇಕು ಒಳ್ಳೆಯ ಆಯ್ಕೆಯಲ್ಲ.

ಕೆಳಗಿನ ಕ್ರೀಮ್ ಫಾಂಡೆಂಟನ್ನು ತಿನ್ನುವುದು

ಮೂರನೆಯ ಬಗೆ, ಅಂದರೆ ಒಳಗಿನಿಂದ ಬರುವ ನೀರು, ನಮ್ಮ ಕಡೆ ತುಂಬಾ ಸಾಮಾನ್ಯ. ಏಕೆಂದರೆ ನಮ್ಮ ಬೇಕರಿಗಳ ಕೇಕು ಹೆಚ್ಚಾಗಿ ವಿಪ್ಪಿಂಗ್ ಕ್ರೀಮ್‌ನದು. ಕ್ರೀಮ್‌ನಲ್ಲಿ ನೀರು ತುಂಬಾ ಇದೆ, ಸಕ್ಕರೆ ಅದನ್ನು ಬಿಡದೆ ಎಳೆದುಕೊಳ್ಳುತ್ತದೆ. ಮೊದಲು ಫಾಂಡೆಂಟ್‌ನ ಒಳಮೈ ಪಾಕವಾಗುತ್ತದೆ, ಆಮೇಲೆ ಹೊದಿಕೆ ಜಾರುತ್ತದೆ, ಬುಡದಲ್ಲಿ ಮಡಿಕೆ ಕೂರುತ್ತದೆ. ಹೊದಿಸಿ ಕೆಲವು ಗಂಟೆಗಳ ನಂತರ ಬುಡದಲ್ಲಿ ಸಿಹಿ ನೀರು ಕಂಡರೆ ಬೇರೆ ಕಾರಣ ಹುಡುಕಬೇಕಿಲ್ಲ. ಅದನ್ನು ರಿಪೇರಿ ಮಾಡುವ ದಾರಿಯೂ ಇಲ್ಲ. ಹೊದಿಕೆ ತೆಗೆದು, ಕ್ರೀಮ್ ಕೆರೆದು ಮತ್ತೆ ಮಾಡಬೇಕು.

ಫಾಂಡೆಂಟ್ ಕೆಳಗೆ ಗನಾಶ್, ಅಂದರೆ ಚಾಕ್ಲೇಟ್ ಮತ್ತು ಕ್ರೀಮ್ ಬೆರೆಸಿದ ಲೇಪ, ಇರಲಿ. ಡಾರ್ಕ್ ಚಾಕ್ಲೇಟ್ ಆದರೆ ಎರಡು ಪಾಲು ಚಾಕ್ಲೇಟ್‌ಗೆ ಒಂದು ಪಾಲು ಕ್ರೀಮ್, ವೈಟ್ ಆದರೆ ಮೂರಕ್ಕೆ ಒಂದು ಎಂದು ಪುಸ್ತಕಗಳಲ್ಲಿ ಇರುತ್ತದೆ. ಈ ಲೆಕ್ಕ ಹೆಚ್ಚಾಗಿ 35% ಕೊಬ್ಬಿರುವ ಕ್ರೀಮ್‌ಗೆ, ತಂಪು ದೇಶಗಳಿಗೆ ಹೇಳಿದ್ದು. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಫ್ರೆಶ್ ಕ್ರೀಮ್ ಪ್ಯಾಕ್‌ನಲ್ಲಿ ಕೊಬ್ಬು 25% ಮಾತ್ರ, ಅಂದರೆ ನೀರು ಜಾಸ್ತಿ. ಹಾಗಾಗಿ ಬೇಸಿಗೆಯಲ್ಲಿ ಡಾರ್ಕ್‌ಗೆ ಎರಡೂವರೆಯಿಂದ ಮೂರು ಪಾಲು, ವೈಟ್‌ಗೆ ನಾಲ್ಕು ಪಾಲು ಚಾಕ್ಲೇಟ್ ಹಾಕಿ. ರಾತ್ರಿಯೆಲ್ಲ ಗಟ್ಟಿಯಾಗಲು ಬಿಡಿ. ಬೆರಳಿನಿಂದ ಒತ್ತಿದರೆ ಗುರುತು ಬೀಳುವ ಗನಾಶ್ ಮೇಲೆ ಹೊದಿಸಿದರೆ ಮೈ ಎಂದೂ ಸಮ ಬರುವುದಿಲ್ಲ.

ಗ್ರಾಹಕರು ಕ್ರೀಮ್ ಕೇಕೇ ಬೇಕು, ಮೇಲೆ ಫಾಂಡೆಂಟ್ ಗೊಂಬೆಯೂ ಬೇಕು ಅಂತಾರೆ. ಅದಕ್ಕೆ ದಾರಿ ಇದೆ. ಗೊಂಬೆಯನ್ನು ಮೊದಲೇ ಒಣಗಿಸಿ, ಕ್ರೀಮ್‌ಗೆ ತಾಗುವ ಹಿಂಬದಿಗೆ ಕರಗಿಸಿದ ಕಾಂಪೌಂಡ್ ಚಾಕ್ಲೇಟ್ ಒಂದು ಕೋಟ್ ಹಚ್ಚಿ ಆರಿಸಿ. ಕೊಬ್ಬಿನ ಆ ಪದರ ನೀರನ್ನು ತಡೆಯುತ್ತದೆ. ಅಷ್ಟಾದರೂ ಕೇಕ್ ಕತ್ತರಿಸುವ ಹೊತ್ತಿಗೆ ಇಡುವುದೇ ಒಳ್ಳೆಯದು. ಗೊಂಬೆಯನ್ನು ಬೇರೆ ಡಬ್ಬಿಯಲ್ಲಿ ಕೊಟ್ಟು, ಎಲ್ಲಿ ಇಡಬೇಕೆಂದು ಒಂದು ಫೋಟೋ ಕಳಿಸಿದರೆ ಸಾಕು.

ಒಣಗುವುದು, ಸುಕ್ಕಾಗುವುದು, ಹರಿಯುವುದು

ಅಂಚಿನ ಹತ್ತಿರ ಸಣ್ಣ ಸಣ್ಣ ಸುಕ್ಕು ಒಟ್ಟಾಗಿ ಕಂಡರೆ ಅದಕ್ಕೆ ಆನೆ ಚರ್ಮ ಎನ್ನುತ್ತಾರೆ. ಮೇಲ್ಮೈ ಒಣಗಿದೆ, ಒಳಗೆ ಇನ್ನೂ ಮೆತ್ತಗಿದೆ ಎಂದು ಅರ್ಥ. ಕಾರಣ ಹೆಚ್ಚಾಗಿ ತಲೆಯ ಮೇಲೆಯೇ ಇರುತ್ತದೆ: ಸೀಲಿಂಗ್ ಫ್ಯಾನ್. ಏಪ್ರಿಲ್‌ನಲ್ಲಿ ಬಳ್ಳಾರಿಯ ಒಣ ಗಾಳಿಯಲ್ಲಿ ಫ್ಯಾನ್ ಕೆಳಗೆ ಲಟ್ಟಿಸಿದರೆ ಕೆಲವೇ ನಿಮಿಷಕ್ಕೆ ಮೇಲೆ ಚರ್ಮ ಕಟ್ಟುತ್ತದೆ. ಸೆಕೆಯಾದರೂ ಲಟ್ಟಿಸಿ ಹೊದಿಸುವಷ್ಟು ಹೊತ್ತು ಫ್ಯಾನ್ ಆರಿಸಿ. ಬಳಸದ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಡಬ್ಬಿಗೆ ಹಾಕಿಡಿ. ಒದ್ದೆ ಬಟ್ಟೆ ಮುಚ್ಚಬೇಡಿ, ಅದು ಅಂಟುವ ತೊಂದರೆ ತರುತ್ತದೆ.

ಎರಡನೆಯ ಕಾರಣ ಕಾರ್ನ್‌ಫ್ಲೋರ್. ಮೇಜಿಗೆ ಉದುರಿಸಿದ್ದನ್ನೆಲ್ಲ ಫಾಂಡೆಂಟ್ ಹೀರಿಕೊಳ್ಳುತ್ತದೆ. ನನ್ನ ಲೆಕ್ಕ ಸರಳ: ಮೀಟರ್ 50% ಗಿಂತ ಕೆಳಗೆ ತೋರಿಸಿದರೆ ಮೇಜಿಗೆ ಶಾರ್ಟನಿಂಗ್ ಸವರಿ ಲಟ್ಟಿಸಿ, 65% ಮೇಲಿದ್ದರೆ ಕಾರ್ನ್‌ಫ್ಲೋರ್ ಉದುರಿಸಿ, ನಡುವೆ ಇದ್ದರೆ ನಿಮಗೆ ಯಾವುದು ರೂಢಿಯೋ ಅದು. ಗಮ್ ಪೇಸ್ಟ್‌ಗೆ ಮಾತ್ರ ಯಾವ ಹವೆಯಲ್ಲೂ ಶಾರ್ಟನಿಂಗೇ ಸರಿ.

ಸುಕ್ಕು ಈಗಾಗಲೇ ಬಂದಿದ್ದರೆ ಅಂಗೈಗೆ ಸಾಸಿವೆಯಷ್ಟು ಶಾರ್ಟನಿಂಗ್ ಹಚ್ಚಿ, ಆ ಜಾಗದಲ್ಲಿ ನಿಧಾನಕ್ಕೆ ಸುತ್ತು ಸುತ್ತಾಗಿ ಉಜ್ಜಿ. ಕೈಯ ಬಿಸಿಗೆ ಸಣ್ಣ ಸುಕ್ಕು ಕೂಡಿಕೊಳ್ಳುತ್ತದೆ. ಆಳದ ಬಿರುಕಿಗೆ ಅದೇ ಬಣ್ಣದ ಫಾಂಡೆಂಟ್‌ಗೆ ಒಂದೆರಡು ಹನಿ ನೀರು ಹಾಕಿ ಮೆತ್ತನೆಯ ಪೇಸ್ಟ್ ಮಾಡಿ ತುಂಬಿ, ಹೆಚ್ಚಾದದ್ದನ್ನು ಒರೆಸಿ. ಕೇಕಿನ ಹಿಂಬದಿ ಎಂದು ಒಂದು ಕಡೆಯನ್ನು ಮೊದಲೇ ಗೊತ್ತು ಮಾಡಿಕೊಂಡರೆ ಇಂಥ ತೇಪೆಗಳನ್ನೆಲ್ಲ ಅತ್ತ ತಿರುಗಿಸಬಹುದು.

ಮೇಲಿನ ಅಂಚಿನಲ್ಲೇ ಹರಿಯುವುದು ಬೇರೆ ತೊಂದರೆ. ಅದು ಒಣಗಿದ್ದರಿಂದಲೇ ಆಗಬೇಕೆಂದಿಲ್ಲ. ಹೊದಿಸಿದ ಕೂಡಲೇ ಸುತ್ತ ಇಳಿಬಿದ್ದ ಭಾಗದ ಭಾರವೆಲ್ಲ ಆ ಅಂಚಿನ ಮೇಲೆ ಬೀಳುತ್ತದೆ. ಕೇಕಿನ ಮೇಲ್ಭಾಗ ಉಜ್ಜುತ್ತಾ ನಿಂತರೆ ಅಷ್ಟರಲ್ಲಿ ಹರಿದಿರುತ್ತದೆ. ಮೊದಲು ಅಂಚನ್ನು ಸುತ್ತಲೂ ಅಂಗೈಯಿಂದ ಒತ್ತಿ ಅಂಟಿಸಿ, ಆಮೇಲೆ ಮೇಲ್ಭಾಗ, ಕೊನೆಗೆ ಪಕ್ಕಗಳು. ಪಕ್ಕದಲ್ಲಿ ಮಡಿಕೆ ಬಿದ್ದರೆ ಕೆಳಕ್ಕೆ ಎಳೆಯಬೇಡಿ, ಲಂಗದ ನೆರಿಗೆ ಬಿಡಿಸುವಂತೆ ಹೊರಕ್ಕೆ ಬಿಡಿಸಿ ಒಳಕ್ಕೆ ಕೂರಿಸಿ. ಗನಾಶ್‌ನ ಅಂಚು ಕತ್ತಿಯಷ್ಟು ಚೂಪಾಗಿದ್ದರೆ ಬೆರಳಿನಿಂದ ಕೊಂಚ ಮೊಂಡು ಮಾಡಿ.

ದಪ್ಪವನ್ನೂ ಅಳೆಯಿರಿ. 8 ಇಂಚು ಅಗಲ, 4 ಇಂಚು ಎತ್ತರದ ಕೇಕಿಗೆ 18 ಇಂಚಿನ ವೃತ್ತ ಬೇಕು. 4 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ಕೆಜಿ ಹಿಡಿಯುತ್ತದೆ. ಮುಕ್ಕಾಲು ಕೆಜಿಯಲ್ಲಿ ಮುಗಿಸಲು ಹೋದರೆ ಅದು 3 ಮಿಲಿಮೀಟರ್‌ಗೆ ಇಳಿಯುತ್ತದೆ. ಪಳಗಿದ ಕೈಗೆ ಅದೂ ಸರಿ. ಆದರೆ ಜೆಲಟಿನ್ ಇಲ್ಲದ ಸಸ್ಯಾಹಾರಿ ಫಾಂಡೆಂಟ್ ಅಷ್ಟು ಜಗ್ಗುವುದಿಲ್ಲ. ಅದಕ್ಕೆ 4 ಮಿಲಿಮೀಟರ್ ಇರಲಿ, ಚಿಟಿಕೆ ಸಿಎಂಸಿ ನಾದಿರಲಿ, ಕೈ ಬೇಗ ಓಡಲಿ.

ಹೊಟ್ಟೆ ಬರುವುದು, ಗುಳ್ಳೆ ಏಳುವುದು

ಕೇಕಿನ ನಡುವೆ ಸುತ್ತಲೂ ಪಟ್ಟಿಯಂತೆ ಉಬ್ಬು ಬಂದರೆ ಒಳಗಿನ ಪದರಗಳು ಕುಗ್ಗಿ, ಫಿಲ್ಲಿಂಗ್ ಹೊರಕ್ಕೆ ತಳ್ಳಿದೆ ಎಂದರ್ಥ. ಮೊಟ್ಟೆಯಿಲ್ಲದ ಕೇಕಿನಲ್ಲಿ ಇದು ಜಾಸ್ತಿ. ಮೊಸರು, ಕಂಡೆನ್ಸ್ಡ್ ಮಿಲ್ಕ್ ಹಾಕಿದ ಸ್ಪಂಜು ಮೆತ್ತಗೆ, ತೇವವಾಗಿ ಇರುತ್ತದೆ; ತಿನ್ನಲು ಚಂದ, ಆದರೆ ಒಂದು ಕೆಜಿ ಫಾಂಡೆಂಟ್ ಹೊರುವ ಬಲ ಕಡಿಮೆ. ಅದಕ್ಕೆ ಸಕ್ಕರೆ ಪಾಕ ಧಾರಾಳವಾಗಿ ಸುರಿದು, ನಡುವೆ ಅನಾನಸ್ ತುಂಡು ತುಂಬಿದರೆ ಉಬ್ಬು ಬರುವುದು ಖಂಡಿತ. ಪಾಕವನ್ನು ಬ್ರಷ್‌ನಲ್ಲಿ ಹಚ್ಚಿ, ಸುರಿಯಬೇಡಿ. ಪ್ರತಿ ಪದರದ ಅಂಚಿಗೆ ಗಟ್ಟಿ ಗನಾಶ್‌ನ ಕಟ್ಟೆ ಕಟ್ಟಿ ಒಳಗೆ ಫಿಲ್ಲಿಂಗ್ ಇಡಿ. ಹಣ್ಣಿನ ತುಂಡಿಗಿಂತ ಕಾಯಿಸಿ ಗಟ್ಟಿ ಮಾಡಿದ ಹಣ್ಣಿನ ಫಿಲ್ಲಿಂಗ್ ಒಳ್ಳೆಯದು. ಪದರ ಜೋಡಿಸಿದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೊಂದು ಹಗುರ ತಟ್ಟೆಯ ಭಾರ ಇಟ್ಟು ರಾತ್ರಿ ಬಿಡಿ. ಕುಗ್ಗುವುದೆಲ್ಲ ಹೊದಿಸುವ ಮೊದಲೇ ಕುಗ್ಗಿಬಿಡಲಿ.

ಒಂದೇ ಕಡೆ ಬಲೂನಿನಂತೆ ಎದ್ದರೆ ಒಳಗೆ ಗಾಳಿ ಸಿಕ್ಕಿದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಕೇಕಿಗೆ ಹೊದಿಸಿದ್ದರೆ, 4 ಡಿಗ್ರಿಯಿಂದ 30 ಡಿಗ್ರಿಗೆ ಬರುವಷ್ಟರಲ್ಲಿ ಒಳಗಿನ ಗಾಳಿ ಸುಮಾರು 9% ಹಿಗ್ಗುತ್ತದೆ. ಘಟ್ಟ ಹತ್ತುವ ಕೇಕಿಗೂ ಇದೇ ಗತಿ. ಮಂಗಳೂರಿನಿಂದ ಬೆಂಗಳೂರಿಗೆ ಅಂದರೆ ಸುಮಾರು 900 ಮೀಟರ್ ಏರಿಕೆ. ಹೊರಗಿನ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ, ಒಳಗೆ ಸಿಕ್ಕ ಗಾಳಿ ಅಷ್ಟೇ ಉಬ್ಬುತ್ತದೆ. ಗುಳ್ಳೆ ಕಂಡರೆ ಸಣ್ಣ ಸೂಜಿಯನ್ನು ನೇರವಾಗಿ ಚುಚ್ಚದೆ ಓರೆಯಾಗಿ ಚುಚ್ಚಿ, ಮೈ ಸಮ ಮಾಡುವ ಸ್ಮೂದರ್ ಹಲಗೆಯಿಂದ ಗಾಳಿಯನ್ನು ತೂತಿನ ಕಡೆಗೆ ತಳ್ಳಿ. ದೂರ ಕಳಿಸುವ ಕೇಕಿಗೆ ಹಿಂಬದಿಯ ಬುಡದಲ್ಲಿ ಒಂದು ಸೂಜಿ ತೂತು ಮೊದಲೇ ಬಿಟ್ಟಿರಿ. ಬಳಸಿದ ಸೂಜಿಯನ್ನು ಎಣಿಸಿ ತೆಗೆದಿಡಿ, ಕೇಕಿನಲ್ಲಿ ಉಳಿದರೆ ಅಪಾಯ. ಬಣ್ಣದ ತಲೆಯ ದೊಡ್ಡ ಸೂಜಿ ಇದಕ್ಕೇ ಮೀಸಲಿಟ್ಟರೆ ಒಳ್ಳೆಯದು.

ಗಮ್ ಪೇಸ್ಟ್ ಹೂವು: ತಪ್ಪು ಪೇಸ್ಟಿನದೋ, ಕೋಣೆಯದೋ?

ಎಸಳು ಒಣಗುತ್ತಿಲ್ಲ ಎಂದಾಗ ಜನ ಸಿಎಂಸಿ ಸೇರಿಸುತ್ತಲೇ ಹೋಗುತ್ತಾರೆ. ಕೊನೆಗೆ ಪೇಸ್ಟ್ ಲಟ್ಟಿಸಲು ಬಾರದಷ್ಟು ಗಡುಸಾಗುತ್ತದೆ, ಅಂಚು ಹಿಸಿಯುತ್ತದೆ, ಆದರೂ ಮಳೆಗಾಲದಲ್ಲಿ ಎಸಳು ಬಾಗುತ್ತದೆ. ಸೇರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದೇ ಉಂಡೆಯಿಂದ ಒಂದೇ ದಪ್ಪದ ಎರಡು ಎಲೆ ಕತ್ತರಿಸಿ. ಒಂದನ್ನು ಮೇಜಿನ ಮೇಲೆ ಬಿಡಿ. ಇನ್ನೊಂದನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಡಿ. ಮರುದಿನ ಬೆಳಿಗ್ಗೆ ಎರಡನ್ನೂ ಬಗ್ಗಿಸಿ ನೋಡಿ. ಡಬ್ಬಿಯದು ಗಟ್ಟಿಯಾಗಿ, ಮೇಜಿನದು ಮೆತ್ತಗಿದ್ದರೆ ತಪ್ಪು ಕೋಣೆಯದು. ಎರಡೂ ಮೆತ್ತಗಿದ್ದರೆ ಪೇಸ್ಟಿನದು: ಸಿಎಂಸಿ ಕಡಿಮೆಯಾಗಿದೆ, ಹಳೆಯದಾಗಿದೆ, ಅಥವಾ ಗ್ಲಿಸರಿನ್ ಇರುವ ಫಾಂಡೆಂಟ್ ಅದರಲ್ಲಿ ಬೆರೆತಿದೆ. ಎರಡೂ ಗಟ್ಟಿಯಾದರೆ ಪೇಸ್ಟೂ ಸರಿ, ಕೋಣೆಯೂ ಸರಿ. ನೀವು ಎಸಳನ್ನು ದಪ್ಪಗೆ ಬಿಟ್ಟಿದ್ದೀರಿ ಅಥವಾ ಅಂಟು ಜಾಸ್ತಿ ಹಾಕಿದ್ದೀರಿ.

ಕೋಣೆಯ ತಪ್ಪಿಗೆ ಆ ಡಬ್ಬಿಯೇ ಪರಿಹಾರ. ಎಲ್ಲ ಹೂವನ್ನೂ ಸಿಲಿಕಾ ಜೆಲ್ ಜೊತೆ ದೊಡ್ಡ ಡಬ್ಬಿಯಲ್ಲಿ ಒಣಗಿಸಿ. ಪೊಟ್ಟಣ ಹೂವಿಗೆ ತಾಗದಂತೆ ಇರಲಿ. ಓವನ್ ಇದ್ದರೆ ಬಿಸಿ ಮಾಡದೆ ಒಳಗಿನ ಬಲ್ಬ್ ಮಾತ್ರ ಹಾಕಿಟ್ಟರೂ ಆಗುತ್ತದೆ. ಬಿಸಿಲಿಗೆ ಇಡಬೇಡಿ, ಬಣ್ಣ ಹೋಗುತ್ತದೆ. ಇರುವೆ ಕಾಟಕ್ಕೆ ನೀರಿನ ತಟ್ಟೆಯ ನಡುವೆ ಇಡುವ ನಮ್ಮ ಹಳೆಯ ರೂಢಿ ಇದೆಯಲ್ಲ, ಅದನ್ನು ಮುಚ್ಚಿದ ಡಬ್ಬಿಯ ಹೊರಗೆ ಮಾತ್ರ ಮಾಡಿ. ತೆರೆದಿಟ್ಟ ಹೂವಿನ ಕೆಳಗೆ ನೀರಿದ್ದರೆ ಅದರ ಆವಿ ನೇರ ಎಸಳಿಗೇ ಹೋಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್‌ನ ಕೇಕ್ ಶೋ ನೋಡಿದವರಿಗೆ ಸಕ್ಕರೆಯಲ್ಲಿ ಎಷ್ಟು ದೊಡ್ಡ ಕೆಲಸ ನಿಲ್ಲಿಸಬಹುದು ಎಂದು ಗೊತ್ತು. ಅಲ್ಲಿನ ಕಲಾವಿದರ ಕೈಗೆ ನಾನು ತಲೆಬಾಗುತ್ತೇನೆ. ಡಿಸೆಂಬರ್‌ನ ಹವೆಯೂ ಸಕ್ಕರೆಗೆ ಒಳ್ಳೆಯದು ಎನ್ನುವುದನ್ನು ಗಮನಿಸಿ, ಜುಲೈನಲ್ಲಿ ಅದೇ ಕೆಲಸಕ್ಕೆ ಕೈಹಾಕುವಾಗ ಯೋಚಿಸಿ.

ಅಂಚು ತೆಳ್ಳಗೆ ಮಾಡುವಾಗಲೇ ಹಿಸಿದರೆ ಪೇಸ್ಟ್‌ಗೆ ವಿಶ್ರಾಂತಿ ಸಿಕ್ಕಿಲ್ಲ. ಮಾಡಿದ ಗಮ್ ಪೇಸ್ಟ್ ಒಂದು ಇಡೀ ದಿನ ಸುತ್ತಿಟ್ಟಿರಬೇಕು. ಬಳಸುವಾಗ ಶಾರ್ಟನಿಂಗ್ ಸವರಿದ ಕೈಯಲ್ಲಿ ಮತ್ತೆ ನಾದಬೇಕು. ಎಸಳು ಕತ್ತರಿಸಿದ ಮೇಲೆ ಉಳಿದವನ್ನು ಪ್ಲಾಸ್ಟಿಕ್ ಹಾಳೆಯ ಕೆಳಗೆ ಮುಚ್ಚಿಡಿ.

ಅಂಟಿಸಿದ ಜಾಗ ಕರಗಿ ಎಸಳು ಉದುರಿದರೆ ಅಂಟು ನೀರಾಗಿದೆ. ಎರಡು ಟೇಬಲ್ ಚಮಚ ನೀರಿಗೆ ಕಾಲು ಟೀ ಚಮಚ ಸಿಎಂಸಿ ಹಾಕಿ ರಾತ್ರಿ ಬಿಡಿ; ಗಂಟುಗಳೆಲ್ಲ ತಾನೇ ಕರಗಿ ಬೆಳಿಗ್ಗೆ ತಿಳಿ ಅಂಟು ಸಿದ್ಧ. ಅದನ್ನೂ ಹಚ್ಚಿ ಕೊಂಚ ಒರೆಸಿಬಿಡಬೇಕು. ಪೂರ್ತಿ ಒಣಗಿದ ತುಂಡುಗಳನ್ನು ಈ ಅಂಟಿನಿಂದ ಕೂಡಿಸಲು ಕಷ್ಟ. ಅದಕ್ಕೆ ಮೊಟ್ಟೆಯ ಬಿಳಿ, ಐಸಿಂಗ್ ಶುಗರ್ ಕಲಸಿದ ರಾಯಲ್ ಐಸಿಂಗ್ ಬೇಕು. ಮೊಟ್ಟೆ ಬೇಡದವರು ಗಮ್ ಪೇಸ್ಟನ್ನೇ ಇದೇ ಅಂಟಿನಲ್ಲಿ ಅರೆದು ಗಟ್ಟಿ ಪೇಸ್ಟ್ ಮಾಡಿಕೊಳ್ಳಬಹುದು.

ತಂತಿಯ ಮೇಲೆ ಎಸಳು ಸುತ್ತಿ ತಿರುಗುತ್ತಿದ್ದರೆ ತಂತಿ ಎಸಳೊಳಗೆ ಸಾಕಷ್ಟು ಹೋಗಿಲ್ಲ. ಜೋತುಬಿದ್ದರೆ ತಂತಿ ತೀರಾ ಸಣ್ಣದು. ಗೇಜ್ ಸಂಖ್ಯೆ ಏರಿದಂತೆ ತಂತಿ ಸಣ್ಣಗಾಗುತ್ತದೆ: ಸಾಧಾರಣ ಎಸಳಿಗೆ 26 ಅಥವಾ 28, ಭಾರದ ಹೂವಿನ ಕಾಂಡಕ್ಕೆ 20ರ ಹತ್ತಿರದ್ದು. ತಂತಿಯನ್ನು ನೇರವಾಗಿ ಕೇಕಿಗೆ ಚುಚ್ಚಬಾರದು. ದಪ್ಪ ಸ್ಟ್ರಾ ಚುಚ್ಚಿ ಅದರೊಳಗೆ ನಿಲ್ಲಿಸಿ. ತಂತಿ ಇರುವ ಹೂವು ತಿನ್ನುವುದಕ್ಕಲ್ಲ ಎಂದು ಕೇಕ್ ಕೊಡುವಾಗ ಬಾಯಿಬಿಟ್ಟು ಹೇಳಿ, ಮುಖ್ಯವಾಗಿ ಮಕ್ಕಳಿರುವ ಮನೆಗೆ.

ಬಣ್ಣದ ತೊಂದರೆಗಳು

ಕಡು ಕೆಂಪು, ಕಪ್ಪು ಮಾಡಲು ಹೋಗಿ ಫಾಂಡೆಂಟ್ ಅಂಟಂಟಾದರೆ ನೀರಿನಂಥ ಲಿಕ್ವಿಡ್ ಬಣ್ಣ ಬಳಸಿದ್ದೀರಿ. ಜೆಲ್ ಅಥವಾ ಪುಡಿ ಬಣ್ಣ ಬಳಸಿ. ಬೇಕಾದ ಬಣ್ಣಕ್ಕಿಂತ ಒಂದು ಮಟ್ಟ ತಿಳಿಯಿರುವಾಗಲೇ ನಿಲ್ಲಿಸಿ ರಾತ್ರಿ ಸುತ್ತಿಡಿ, ಬೆಳಿಗ್ಗೆಗೆ ಗಾಢವಾಗಿರುತ್ತದೆ. ಕಪ್ಪು ಬೇಕಾದರೆ ಬಿಳಿಯಿಂದ ಶುರುಮಾಡದೆ ಕೋಕೋ ಹಾಕಿದ ಕಂದು ಫಾಂಡೆಂಟ್‌ನಿಂದ ಶುರುಮಾಡಿ, ಬಣ್ಣ ಸ್ವಲ್ಪವೇ ಸಾಕು.

ನೇರಳೆ ಬಣ್ಣ ಎರಡು ದಿನಕ್ಕೆ ನೀಲಿಯಾಯಿತು ಎಂದರೆ ಅದರಲ್ಲಿದ್ದ ಗುಲಾಬಿ ಅಂಶ ಬೆಳಕಿಗೆ ಮಾಸಿದೆ. ಗುಲಾಬಿ, ನೇರಳೆ ಕೆಲಸವನ್ನು ಮುಚ್ಚಿದ ಪೆಟ್ಟಿಗೆಯಲ್ಲೇ ಇಡಿ, ಕಿಟಕಿ ಹತ್ತಿರ ಬೇಡ. ಮಾಸದ ಗುಲಾಬಿ ಬೇಕೆಂದು ಹೆಸರು, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆ ಏನೂ ಇಲ್ಲದ ಬಿಡಿ ಪುಡಿ ತರಬೇಡಿ. ರೊಡಮಿನ್-ಬಿ ಎಂಬ ಬಟ್ಟೆ ಬಣ್ಣ ಬಾಂಬೆ ಮಿಠಾಯಿಯಲ್ಲಿ ಸಿಕ್ಕಿತೆಂದು 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಿರಲಿ. ಹೊಳೆಯುವ ಪುಡಿಯ ಡಬ್ಬಿಯ ಮೇಲೆ "ನಾನ್ ಟಾಕ್ಸಿಕ್" ಎಂದಿದ್ದರೆ ಅದು ತಿನ್ನಲು ಯೋಗ್ಯ ಎಂದು ಅರ್ಥವಲ್ಲ. "ಎಡಿಬಲ್" ಎಂದೇ ಇರಬೇಕು, ಒಳಗೆ ಏನಿದೆ ಎಂಬ ಪಟ್ಟಿಯೂ ಇರಬೇಕು.

ಗಾಢ ಬಣ್ಣದ ಮೇಲೆ ಕಾರ್ನ್‌ಫ್ಲೋರ್‌ನ ಬಿಳಿ ಉಳಿದರೆ ನೀರಿನ ಬ್ರಷ್ ಆಡಿಸಬೇಡಿ, ಗೆರೆ ಬೀಳುತ್ತದೆ. ಒಣ ಮೆತ್ತನೆಯ ಬ್ರಷ್‌ನಿಂದ ಉದುರಿಸಿ, ಆಮೇಲೆ ತೀರಾ ಕೊಂಚ ಶಾರ್ಟನಿಂಗ್ ಸವರಿ. ಬಿಳಿಯ ಮೇಲೆ ಕೆಂಪು ಹರಡಿದರೆ ಕೆಂಪು ತುಂಡು ಒಣಗುವ ಮೊದಲೇ ಅಂಟಿಸಿದ್ದೀರಿ, ಅಥವಾ ಕೇಕು ಬೆವರಿದೆ. ಫಾಂಡೆಂಟ್ ಒಳಗೆ ಬಿಳಿ ಕಾಳು ಕಾಳಾಗಿ ಕಂಡರೆ ಒಣಗಿದ ಚರ್ಮದ ಚೂರು ನಾದುವಾಗ ಸೇರಿಕೊಂಡಿದೆ. ಅದು ಕರಗುವುದಿಲ್ಲ, ಆ ಭಾಗ ಕತ್ತರಿಸಿ ಬಿಸಾಡಿ.

ಸಾಗಿಸುವಾಗ

ಮನೆಯಲ್ಲಿ ಸರಿ ಇದ್ದ ಕೇಕು ಹಾಲ್ ಮುಟ್ಟಿದ ಮೇಲೆ ಕೆಟ್ಟರೆ ದಾರಿಯನ್ನು ತಪಾಸಣೆ ಮಾಡಿ. ಕಾರಿನ ಸೀಟು ಓರೆಯಾಗಿರುತ್ತದೆ, ಕೇಕು ಒಂದು ಕಡೆಗೆ ವಾಲುತ್ತದೆ. ಕಾಲಿಡುವ ಜಾಗದಲ್ಲೋ ಡಿಕ್ಕಿಯಲ್ಲೋ ಸಮತಟ್ಟಾಗಿಟ್ಟು ಕೆಳಗೆ ಜಾರದ ರಬ್ಬರ್ ಹಾಳೆ ಹಾಸಿ. ಡಿಕ್ಕಿಗೆ ಏಸಿ ಮುಟ್ಟದಿದ್ದರೆ ಬೇಸಿಗೆಯಲ್ಲಿ ಅಲ್ಲಿ ಬೇಡ. ಎರಡು ಅಂತಸ್ತಿಗಿಂತ ಜಾಸ್ತಿ ಇದ್ದರೆ ಅಲ್ಲೇ ಹೋಗಿ ಜೋಡಿಸಿ, ಹೂವನ್ನು ಕೊನೆಗೆ ಇಡಿ. ಚಿಟಿಕೆ ಶಾರ್ಟನಿಂಗ್, ಅದೇ ಬಣ್ಣದ ಒಂದು ಉಂಡೆ ಫಾಂಡೆಂಟ್, ಸಿಎಂಸಿ ಅಂಟು, ಸೂಜಿ, ಒಣ ಬ್ರಷ್, ನಾಲ್ಕು ಎಸಳು ಹೆಚ್ಚಿಗೆ: ಇವು ನಿಮ್ಮ ಚೀಲದಲ್ಲಿರಲಿ.

ಏಸಿ ಕಾರಿನಿಂದ ಇಳಿಸಿದ ಪೆಟ್ಟಿಗೆಯನ್ನು ಹಾಲ್‌ನವರು ಕೂಡಲೇ ತೆರೆಯಲು ಬರುತ್ತಾರೆ. ಬಿಡಬೇಡಿ. ಮಳೆಗಾಲವಾದರೆ ಅರ್ಧ ಗಂಟೆ ಮುಚ್ಚಿಯೇ ಇಟ್ಟು, ಪೆಟ್ಟಿಗೆಯ ಹೊರಮೈ ಕೈಗೆ ತಣ್ಣಗೆ ಹತ್ತದಿದ್ದರೆ ಮಾತ್ರ ತೆರೆಯಿರಿ.